ರಾತ್ರಿಯಿಡೀ ಬೊಗಳುವ ನಾಯಿ, ಮನೆಯಲ್ಲಿ ಅಪ್ಪನ ಕಾಯಿಲೆ. ಏನು ಮಾಡಲಿ?

ರಾಯಚೂರು_ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆ ರಾಯಚೂರಲ್ಲಿ, ತೀನ್ ಕಂದೀಲ್ ಕಡೆಯ ಒಂದು ಸಣ್ಣ ಓಣಿಯಲ್ಲಿ. ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ನಮ್ಮ ಹತ್ತಿರ ಒಂದು ನಾಟಿ ನಾಯಿ ಇದೆ, ಹೆಸರು ಕಾಳು, ಗಂಡು, ಐದು ವರ್ಷ. ಮರಿ ಇದ್ದಾಗ ಅಪ್ಪನೇ ಬೀದಿಯಿಂದ ಎತ್ತಿಕೊಂಡು ಬಂದು ಸಾಕಿದ್ದು. ಮೊದಲು ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಈಗ ರಾತ್ರಿ ಹನ್ನೆರಡಾದರೆ ಶುರು. ಅಂಗಳದಲ್ಲಿ ಆ ಕಡೆಯಿಂದ ಈ ಕಡೆ ಓಡಾಡುತ್ತದೆ, ಬಾಗಿಲು ಕೆರೆಯುತ್ತದೆ, ಕುಂಯ್‌ಗುಡುತ್ತದೆ, ಆಮೇಲೆ ಬೊಗಳೋಕೆ ಶುರು ಮಾಡಿದರೆ ನಿಲ್ಲಿಸುವುದೇ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಏಳುತ್ತದೆ. ಹಗಲು ನೋಡಿದರೆ ಏನೂ ಇಲ್ಲ, ನೆರಳಲ್ಲಿ ಬಿದ್ದುಕೊಂಡಿರುತ್ತದೆ.

ಮನೆಯ ಪರಿಸ್ಥಿತಿಯನ್ನೂ ಹೇಳಲೇಬೇಕು. ಅಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ, ಮಾತೂ ಸರಿಯಾಗಿ ಬರುವುದಿಲ್ಲ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಹೊರಳಿಸಬೇಕು, ಅದನ್ನು ಮಾಡುವುದು ನಾನು ಮತ್ತು ಅವ್ವ. ಅಣ್ಣನ ವ್ಯಾಪಾರ ನಿಂತಿದೆ, ಸಾಲ ಇದೆ. ರಾತ್ರಿ ತಡವಾಗಿ ಬರುತ್ತಾನೆ, ಬಂದ ಕೂಡಲೇ ದುಡ್ಡಿನ ಮಾತು, ಜೋರು ದನಿ. ಮೊನ್ನೆ ಅವ್ವನ ಮುಂದೆ ನಿಂತು ಕೂಗಾಡುವಾಗ ಕಾಳು ಮಧ್ಯೆ ಬಂದು ಹಲ್ಲು ತೋರಿಸಿ ಗುರ್ ಅಂದಿತು. ಅವತ್ತಿನಿಂದ ಅಣ್ಣ, ಇದನ್ನು ಶಕ್ತಿನಗರದ ಆಚೆ ಕೃಷ್ಣಾ ಸೇತುವೆ ದಾಟಿಸಿ ಬಿಟ್ಟು ಬರ್ತೀನಿ ಅನ್ನುತ್ತಿದ್ದಾನೆ. ಪಕ್ಕದ ಮನೆಯವರೂ ಬಂದು ಬೈದು ಹೋದರು, ಅವರ ಮಕ್ಕಳಿಗೆ ಪರೀಕ್ಷೆ. ಸಂಬಂಧಿಕರೊಬ್ಬರು ಅಪ್ಪನ ನಿದ್ದೆ ಮಾತ್ರೆಯಲ್ಲಿ ಅರ್ಧ ಹಾಕಿಬಿಡು ಅಂದರು, ನನಗೆ ಧೈರ್ಯ ಬರಲಿಲ್ಲ. ಅಪ್ಪನ ನಾಯಿಯನ್ನು ಬಿಟ್ಟು ಬರಲು ನನ್ನಿಂದ ಆಗುವುದಿಲ್ಲ. ಆದರೆ ಹೀಗೇ ನಡೆದರೆ ನಾವು ಯಾರೂ ಉಳಿಯುವುದಿಲ್ಲ ಅನ್ನಿಸುತ್ತಿದೆ. ಏನು ಮಾಡಬಹುದು ಹೇಳಿ.

ಬಳ್ಳಾರಿ_ಬಿಸಿಲು:

ನೀವು ಪ್ರತಿ ಸಲ ಎದ್ದು ಹೋಗಿ ಮಾತಾಡಿಸಿದರೆ ಅದಕ್ಕೆ ಅದೇ ರೂಢಿಯಾಗುತ್ತದೆ. ಬೊಗಳಿದರೆ ಅಕ್ಕ ಬರುತ್ತಾಳೆ ಅಂತ ಕಲಿತುಬಿಡುತ್ತದೆ. ಕೆಲವು ರಾತ್ರಿ ಕಲ್ಲು ಮನಸ್ಸು ಮಾಡಿ, ಹೋಗಲೇಬೇಡಿ. ಮೊದಲು ಇನ್ನೂ ಜಾಸ್ತಿ ಬೊಗಳುತ್ತದೆ, ಆಮೇಲೆ ನಿಲ್ಲಿಸುತ್ತದೆ.

ಶಕ್ತಿನಗರ_ಪಾಳಿ:

ನಾನು ಥರ್ಮಲ್ ಸ್ಟೇಷನ್ನಿನಲ್ಲಿ ಪಾಳಿ ಕೆಲಸ ಮಾಡುವವನು, ನಿದ್ದೆ ತಪ್ಪಿದ ಮನೆ ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಬರಹದಲ್ಲಿ ಒಂದು ಮಾತು ನನಗೆ ಎದ್ದು ಕಂಡಿತು, ಹಗಲು ನೆರಳಲ್ಲಿ ಬಿದ್ದುಕೊಂಡಿರುತ್ತದೆ ಅಂದಿರಿ. ನಮ್ಮ ಊರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಯಾವ ನಾಯಿ ತಾನೇ ಓಡಾಡುತ್ತದೆ? ಹಗಲೆಲ್ಲಾ ಮಲಗುತ್ತದೆ, ರಾತ್ರಿ ತಂಪಾದಾಗ ಮೈಯಲ್ಲಿ ಇರುವ ಶಕ್ತಿಯೆಲ್ಲಾ ಏಳುತ್ತದೆ. ಅದೇ ಹೊತ್ತಿಗೆ ಬೀದಿ ನಾಯಿಗಳ ತಿರುಗಾಟವೂ ಶುರು, ಅವು ಕೂಗಿದರೆ ಇದೂ ಕೂಗಲೇಬೇಕು.

ಬೆಳಿಗ್ಗೆ ಬಿಸಿಲು ಏರುವ ಮುಂಚೆ ಒಂದು ಸಲ, ಸಂಜೆ ನೆಲ ತಣ್ಣಗಾದ ಮೇಲೆ ಒಂದು ಸಲ ಕರೆದುಕೊಂಡು ಹೋಗಿ. ಹೋಗುವ ಮುಂಚೆ ಅಂಗೈ ಹಿಂಭಾಗವನ್ನು ರಸ್ತೆ ಮೇಲೆ ಇಟ್ಟು ನೋಡಿ, ನಿಮಗೆ ತಡೆಯಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ. ಮಾವಿನಕೆರೆ ಕಡೆ ಹೋದರೆ ಒಳ್ಳೆಯದು, ಅವಸರ ಮಾಡದೆ ಮೂಸಿಕೊಂಡು ಹೋಗಲು ಬಿಡಿ, ಮೂಸುವುದರಲ್ಲೇ ಅದಕ್ಕೆ ಅರ್ಧ ಸುಸ್ತು ಬರುತ್ತದೆ. ಊಟ ರಾತ್ರಿ ಹನ್ನೊಂದಕ್ಕೆ ಹಾಕುತ್ತಿದ್ದರೆ ಏಳಕ್ಕೆ ತನ್ನಿ. ಮಲಗುವ ಮುಂಚೆ ಒಂದು ಸಲ ಹೊರಗೆ ಬಿಟ್ಟು ಬನ್ನಿ. ರಾತ್ರಿ ನೀರು ಮಾತ್ರ ತೆಗೆದಿಡಬೇಡಿ.

ಪಶುವೈದ್ಯೆ_ಕೊಪ್ಪಳ:

ನಾನು ಪಶುವೈದ್ಯೆ. ಮೊದಲು ಆ ಮಾತ್ರೆಯ ವಿಷಯ: ಹಾಕದೇ ಇದ್ದದ್ದು ತುಂಬಾ ಒಳ್ಳೆಯದಾಯಿತು, ಮುಂದೆಯೂ ಹಾಕಬೇಡಿ. ಮನುಷ್ಯರ ಮಾತ್ರೆಯ ಪ್ರಮಾಣ ನಾಯಿಗೆ ಹೊಂದುವುದಿಲ್ಲ. ನೋವಿನ ಮಾತ್ರೆಗಳೂ ಅಷ್ಟೇ, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಮೂತ್ರಪಿಂಡ ಎರಡನ್ನೂ ಹಾಳು ಮಾಡುತ್ತದೆ. ಮಂಪರು ಬರಿಸುವ ಕೆಲವು ಔಷಧಿಗಳು ಮೈಯನ್ನು ಮಾತ್ರ ಬೀಳಿಸುತ್ತವೆ, ಒಳಗಿನ ಹೆದರಿಕೆ ಹಾಗೇ ಉಳಿಯುತ್ತದೆ. ಔಷಧಿ ಬೇಕೇ ಬೇಕು ಅಂತಾದರೆ ಅದನ್ನು ನೋಡಿದ ವೈದ್ಯರೇ ತೂಕ ಹಾಕಿ ಕೊಡಬೇಕು.

ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಬದಲಾದರೆ ಮೊದಲು ಮೈ ನೋಡಬೇಕು, ಆಮೇಲೆ ಮನಸ್ಸು. ಕಿವಿ ಸೋಂಕು, ಕೀಲು ನೋವು, ಉಣ್ಣೆಯಿಂದ ಬರುವ ಜ್ವರ (ನಮ್ಮ ಕಡೆ ಇದು ಜಾಸ್ತಿ), ಮೂತ್ರದ ತೊಂದರೆ, ಇವೆಲ್ಲಾ ರಾತ್ರಿ ಎಬ್ಬಿಸುತ್ತವೆ. ಐದು ವರ್ಷ ಅಂದಿರಿ, ಹಾಗಾಗಿ ಮುದಿ ನಾಯಿಗಳಿಗೆ ಬರುವ ಮರೆವಿನ ಕಾಯಿಲೆ ಇರಲಿಕ್ಕಿಲ್ಲ. ರೇಬೀಸ್ ಲಸಿಕೆ ಹಾಕಿಸಿದ್ದೀರಾ? ಜೊಲ್ಲು ಸುರಿಸುವುದು, ನೀರು ನುಂಗಲು ಆಗದಿರುವುದು, ದನಿ ಬದಲಾಗಿರುವುದು, ಇದರಲ್ಲಿ ಒಂದೇ ಒಂದು ಕಂಡರೂ ಮುಟ್ಟಬೇಡಿ, ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ.

ಆಸ್ಪತ್ರೆಗೆ ಹೋಗುವ ಮುಂಚೆ ರಾತ್ರಿಯದ್ದೊಂದು ವೀಡಿಯೊ ಮಾಡಿಕೊಳ್ಳಿ. ಹಗಲು ನಮ್ಮ ಮೇಜಿನ ಮೇಲೆ ನಾಯಿ ಬೇರೆಯದೇ ಆಗಿರುತ್ತದೆ, ನಮಗೆ ಏನೂ ಕಾಣುವುದಿಲ್ಲ. ಎಷ್ಟು ಗಂಟೆಗೆ ಎದ್ದಿತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು, ಅಷ್ಟು ಬರೆದಿಟ್ಟರೆ ಸಾಕು.

ಬಳ್ಳಾರಿಯವರು ಹೇಳಿದ್ದು ಬೇರೆ ಕಡೆ ಸರಿ. ಬಿಸ್ಕತ್ತಿಗೋ ಆಟಕ್ಕೋ ಬೊಗಳುವ ನಾಯಿಯನ್ನು ಕಡೆಗಣಿಸಬಹುದು. ಹೆದರಿ ಬೊಗಳುವ ನಾಯಿಯನ್ನು ಒಂಟಿಯಾಗಿ ಬಿಟ್ಟರೆ ಹೆದರಿಕೆ ಇನ್ನೂ ಹೆಚ್ಚಾಗುತ್ತದೆ.

ಗುರ್ ಅಂದಿದ್ದಕ್ಕೆ ದಯವಿಟ್ಟು ಹೊಡೆಯಬೇಡಿ, ಬೈಯಲೂ ಬೇಡಿ. ಅದು ಕೊಡುವ ಎಚ್ಚರಿಕೆ ಅದು. ಹೊಡೆದು ಅದನ್ನು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆ ಕೊಡದೆ ಕಚ್ಚುತ್ತದೆ. ಅಕಸ್ಮಾತ್ ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ, ಮನೆ ನಾಯಿ ಅಂತ ಬಿಡಬೇಡಿ.

ಒಂದು ಪ್ರಶ್ನೆ. ಇದು ಶುರುವಾದದ್ದು ಯಾವಾಗಿನಿಂದ? ಮೊದಲು ಅದು ಎಲ್ಲಿ ಮಲಗುತ್ತಿತ್ತು?

ರಾಯಚೂರು_ಮಗಳು:

ಲಸಿಕೆ ಹಾಕಿಸಿದ್ದೇವೆ, ಕಾರ್ಡ್ ಇದೆ. ಜೊಲ್ಲು ಗಿಲ್ಲು ಏನೂ ಇಲ್ಲ, ಊಟ ಮಾಡುತ್ತದೆ.

ಶುರುವಾದದ್ದು ಅಪ್ಪ ಆಸ್ಪತ್ರೆಯಿಂದ ಬಂದ ಮೇಲೆ. ಮೊದಲು ಅಪ್ಪನ ಮಂಚದ ಕೆಳಗೇ ಮಲಗುತ್ತಿತ್ತು. ಅಪ್ಪನಿಗೆ ಸೋಂಕು ತಗಲಬಾರದು ಅಂತ ಈಗ ಅಂಗಳದಲ್ಲಿ ಚೈನು ಹಾಕಿ ಕಟ್ಟುತ್ತಿದ್ದೇವೆ, ಬಿಚ್ಚಿದರೆ ಬಂದು ಕೆರೆಯುವುದು ಅಪ್ಪನ ಕೋಣೆಯ ಬಾಗಿಲನ್ನೇ. ಈಗ ಬರೆಯುವಾಗ ಇನ್ನೊಂದು ನೆನಪಾಯಿತು, ನಾವು ಅಪ್ಪನನ್ನು ಹೊರಳಿಸಲು ಲೈಟ್ ಹಾಕಿದಾಗ ಅಪ್ಪ ನೋವಿಗೆ ನರಳುತ್ತಾರೆ, ಹೆಚ್ಚಾಗಿ ಅದೇ ಹೊತ್ತಿಗೆ ಕಾಳು ಏಳುತ್ತದೆ.

ಪಶುವೈದ್ಯೆ_ಕೊಪ್ಪಳ:

ಹಾಗಾದರೆ ಅರ್ಧ ಉತ್ತರ ನಿಮ್ಮ ಹತ್ತಿರವೇ ಇದೆ. ಅದರ ಮನುಷ್ಯ ಒಳಗೆ ನರಳುತ್ತಿದ್ದಾನೆ, ಇದು ಹೊರಗೆ ಕಟ್ಟಿಹಾಕಿಸಿಕೊಂಡಿದೆ, ಹೋಗಿ ನೋಡಲು ಆಗುತ್ತಿಲ್ಲ. ಅದರ ಮೇಲೆ ರಾತ್ರಿ ಜಗಳದ ದನಿ. ಮನೆಯ ಒತ್ತಡ ನಾಯಿಗೂ ಇಳಿಯುತ್ತದೆ. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ನಾಯಿಗಳ ಕೂದಲಲ್ಲೂ ಅವುಗಳ ಒಡತಿಯರ ಕೂದಲಲ್ಲೂ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನ್ ಅಳೆದರು, ಒಡತಿಯಲ್ಲಿ ಅದು ಹೆಚ್ಚಿದ್ದ ಕಡೆ ನಾಯಿಯಲ್ಲೂ ಹೆಚ್ಚಿತ್ತು. ನಿಮ್ಮ ಕಾಳು ಹಟ ಮಾಡುತ್ತಿಲ್ಲ.

ಚೈನು ಬಿಚ್ಚಿ. ಕೋಣೆಯ ಹೊಸ್ತಿಲಲ್ಲಿ, ಅಪ್ಪ ಕಾಣುವ ಜಾಗದಲ್ಲಿ ಅದರ ಹಾಸಿಗೆ ಹಾಕಿ. ನೆಲ ಶಹಾಬಾದ್ ಕಲ್ಲಿನದ್ದಾದರೆ ಹಾಸಿಗೆಯೂ ಬೇಡ, ಅದಕ್ಕೆ ತಂಪೇ ಇಷ್ಟ. ಅದಕ್ಕೂ ಮುಂಚೆ ಜಂತುಹುಳದ ಮಾತ್ರೆ, ಉಣ್ಣೆಗೆ ಔಷಧಿ ಎರಡೂ ಆಗಿರಲಿ.

ಗಂಗಾವತಿ_ನರ್ಸ್:

ಪಾರ್ಶ್ವವಾಯು ಆದವರನ್ನು ನೋಡಿಕೊಂಡ ಅನುಭವದಿಂದ ಹೇಳುತ್ತೇನೆ. ನಾಯಿ ಹೊಸ್ತಿಲಲ್ಲಿ ಇರುವುದರಿಂದ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ಹಾಸಿಗೆ ಹುಣ್ಣು ಇದ್ದರೆ ಅಥವಾ ಮೂತ್ರದ ನಳಿಕೆ, ಊಟದ ನಳಿಕೆ ಹಾಕಿದ್ದರೆ ಅದರ ಹತ್ತಿರ ಬಿಡಲೇಬೇಡಿ, ನೆಕ್ಕಿದರೆ ಸೋಂಕು ಆಗುತ್ತದೆ. ಕಾಳುವನ್ನು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆದೇ ಅಪ್ಪನನ್ನು ಮುಟ್ಟಿ. ಹಗಲು ನಿಮ್ಮ ಮುಂದೆಯೇ ಅಪ್ಪ ಎಡಗೈಯಿಂದ ಅದರ ತಲೆ ಸವರಲಿ. ಮಾತು ಬರದವರಿಗೆ ಅದು ಎಷ್ಟು ದೊಡ್ಡದು ಅಂತ ನೋಡಿದವರಿಗೇ ಗೊತ್ತು. ರಾತ್ರಿ ಹೊರಳಿಸುವಾಗ ದೊಡ್ಡ ಲೈಟ್ ಬೇಡ, ಸಣ್ಣ ದೀಪ ಸಾಕು.

ನಿಮ್ಮ ಬಗ್ಗೆಯೂ ಒಂದು ಮಾತು. ನೀವು, ಅವ್ವ ಇಬ್ಬರೂ ಎಲ್ಲಾ ಸಲವೂ ಏಳಬೇಡಿ, ಅರ್ಧ ರಾತ್ರಿ ಒಬ್ಬರು, ಅರ್ಧ ರಾತ್ರಿ ಇನ್ನೊಬ್ಬರು ಅಂತ ಮಾಡಿಕೊಳ್ಳಿ. ಅಪ್ಪನ ಭಾರಕ್ಕೆ ಒಬ್ಬರಿಂದ ಆಗದಿದ್ದರೆ ಅಡ್ಡ ಹಾಸಿದ ದಪ್ಪ ಬೆಡ್‌ಶೀಟ್ ಹಿಡಿದು ಹೊರಳಿಸುವುದನ್ನು ಫಿಸಿಯೋಥೆರಪಿಯವರ ಹತ್ತಿರ ಕಲಿಯಿರಿ. ಅಣ್ಣನೂ ಸಾಲದ ಚಿಂತೆಯಲ್ಲಿ ಒಳಗೊಳಗೇ ಬೇಯುತ್ತಿರಬಹುದು. 14416 ಅಂತ ಟೆಲಿ ಮಾನಸ್ ಸಹಾಯವಾಣಿ ಇದೆ, ಸರ್ಕಾರದ್ದು, ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನೀವೂ ಮಾಡಬಹುದು. ಕೂಗಾಟ ಕೈ ಎತ್ತುವವರೆಗೆ ಹೋದರೆ ಮಾತ್ರ ಸುಮ್ಮನಿರಬೇಡಿ, ಮಹಿಳಾ ಸಹಾಯವಾಣಿ 181.

ಶಕ್ತಿನಗರ_ಪಾಳಿ:

ಸೇತುವೆ ದಾಟಿಸಿ ಬಿಡುವ ಮಾತಿಗೆ ಹೇಳುತ್ತೇನೆ. ಅಲ್ಲಿಯ ನಾಯಿಗಳು ಹೊಸ ನಾಯಿಯನ್ನು ಒಳಗೆ ಸೇರಿಸುವುದಿಲ್ಲ, ಅದು ಮನೆ ಹುಡುಕಿಕೊಂಡು ಹೆದ್ದಾರಿ ಹಿಡಿಯುತ್ತದೆ, ಆ ರಸ್ತೆಯಲ್ಲಿ ಲಾರಿಗಳ ಓಡಾಟ ಹೇಗೆ ಅಂತ ನಿಮ್ಮ ಅಣ್ಣನಿಗೂ ಗೊತ್ತು. ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಸಿಕ್ಕುವಂತೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಹೊತ್ತುಗೊತ್ತಿಲ್ಲದೆ ಗಿಡ್ಡ ಚೈನಿನಲ್ಲಿ ಕಟ್ಟಿಡುವುದೂ ಅಪರಾಧವೇ. ಕಾಯ್ದೆ ಹೇಳಿ ಜಗಳ ಮಾಡಿ ಅನ್ನುತ್ತಿಲ್ಲ. ಅಣ್ಣ ಸಮಾಧಾನವಾಗಿರುವ ಹೊತ್ತು ನೋಡಿ, ಕಾಳು ಇಷ್ಟು ದಿನ ಏಕೆ ಬೊಗಳುತ್ತಿತ್ತು ಅಂತ ಈಗ ನೀವು ಇಲ್ಲಿ ಬರೆದದ್ದನ್ನೇ ಹೇಳಿ. ಪಕ್ಕದ ಮನೆಗೂ ಹೋಗಿ, ಇಂತಿಂಥ ಏರ್ಪಾಡು ಮಾಡುತ್ತಿದ್ದೇವೆ, ಪರೀಕ್ಷೆ ಯಾವಾಗ ಮುಗಿಯುತ್ತದೆ ಅಂತ ಕೇಳಿ ಬನ್ನಿ. ಕೇಳಿದರೆ ಜನ ತಡೆದುಕೊಳ್ಳುತ್ತಾರೆ.

ರಾಯಚೂರು_ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಓದುತ್ತಾ ಅಳು ಬಂತು. ಅಪ್ಪನಿಗೆ ನಳಿಕೆ ಇಲ್ಲ, ಹುಣ್ಣೂ ಇಲ್ಲ. ಸೋಮವಾರ ಕಾಳುವನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ, ವೀಡಿಯೊ ಇವತ್ತೇ ಮಾಡುತ್ತೇನೆ. ಒಂದೇ ಅನುಮಾನ: ಅಣ್ಣ ಬಂದು ದನಿ ಏರಿಸಿದಾಗ ಆ ಹೊತ್ತಿಗೆ ಕಾಳುವನ್ನು ಏನು ಮಾಡಲಿ? ಮತ್ತೆ ಮಧ್ಯೆ ಬಂದರೆ ಕಷ್ಟ.

ಪಶುವೈದ್ಯೆ_ಕೊಪ್ಪಳ:

ಅವನು ಬರುವ ಮುಂಚೆಯೇ ಅದನ್ನು ಅಪ್ಪನ ಹೊಸ್ತಿಲಿಗೆ ಕರೆದುಕೊಂಡು ಹೋಗಿ, ಕಡಿಯಲು ಏನಾದರೂ ಕೊಡಿ, ನಡುವಿನ ಬಾಗಿಲು ಮುಂದೆ ಮಾಡಿ. ಬೇಯಿಸಿದ ಮೂಳೆ ಬೇಡ, ಸೀಳಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗಟ್ಟಿಯಾದ ಕ್ಯಾರೆಟ್ ಆದರೂ ನಡೆಯುತ್ತದೆ. ಜಗಳ ಶುರುವಾದ ಮೇಲೆ ಕೊರಳಪಟ್ಟಿ ಹಿಡಿದು ಎಳೆಯಲು ಹೋಗಬೇಡಿ, ಆಗ ತಿರುಗಿ ನಿಮಗೇ ಕಚ್ಚಬಹುದು. ಹೆಸರು ಹಿಡಿದು ಕರೆದು ನೀವೇ ಆ ಜಾಗ ಬಿಟ್ಟು ನಡೆಯಿರಿ, ಹಿಂದೆ ಬರುತ್ತದೆ. ಅದು ಬರಲು ಹಗಲು, ಗದ್ದಲ ಇಲ್ಲದಾಗ, ರೊಟ್ಟಿ ಚೂರು ಕೊಟ್ಟು ಕರೆದು ಕರೆದು ರೂಢಿ ಮಾಡಿಸಿ. ಸೋಮವಾರ ತೋರಿಸಿದ ಮೇಲೆ ಕಿವಿ, ಕೀಲು, ರಕ್ತದ ವರದಿ ಏನು ಬಂತು ಅಂತ ಇಲ್ಲೇ ಬರೆಯಿರಿ, ನೋಡುತ್ತೇನೆ.