ಗಾಳಿಗೆ ಹಾರಿದ ಶೆಡ್‌ಗೆ ಪರಿಹಾರ ಇಲ್ವಾ? ಹೊಳೆ ಬಂದರೆ ಮಾತ್ರ ನಾಯಕರು ಬರುತ್ತಾರಾ?

ತಿಕೋಟಾ ದ್ರಾಕ್ಷಿ:
ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆ. ದ್ರಾಕ್ಷಿ ಬೆಳೆದು ಮಣೂಕ (ಒಣದ್ರಾಕ್ಷಿ) ಮಾಡುತ್ತೇವೆ. ಈ ಸಲದ ಅಡ್ಡಮಳೆಯಲ್ಲಿ (ಬೇಸಿಗೆ ಮಳೆಯಲ್ಲಿ) ನೀರಿಗಿಂತ ಗಾಳಿನೇ ಜಾಸ್ತಿ, ನಡುವೆ ಆಲಿಕಲ್ಲು ಬೇರೆ. ಶೆಡ್‌ನ ತಗಡು ಕಿತ್ತು ಪಕ್ಕದ ಹೊಲಕ್ಕೆ ಬಿದ್ದವು. ರ್ಯಾಕ್ ಮೇಲೆ ಒಣಗುತ್ತಿದ್ದ ಮಾಲು ಪೂರ್ತಿ ತೋಯ್ದು ಹೋಯಿತು. ತೋಯ್ದ ಮಣೂಕ ಕಪ್ಪಾಗುತ್ತದೆ, ಹರಾಜಿನಲ್ಲಿ ಯಾರೂ ಕೈ ಹಾಕುವುದಿಲ್ಲ, ಬೆಳೆದವರಿಗೆ ಗೊತ್ತು. ಪಂಚನಾಮೆ ಏನೋ ಆಯಿತು. ಆಮೇಲೆ ಕಚೇರಿಗೆ ಹೋದರೆ "ಶೆಡ್ ಅಂದ್ರೆ ಮನೆ ಅಲ್ಲ, ಮಣೂಕ ಅಂದ್ರೆ ಬೆಳೆ ಅಲ್ಲ, ಯಾವುದರಲ್ಲಿ ಬರೀಲಿ" ಎಂದರು. ಇಲ್ಲಿಯ ತನಕ ಒಬ್ಬ ನಾಯಕನೂ ನಮ್ಮ ಊರಿಗೆ ಬಂದಿಲ್ಲ. ಅದೇ ಹೊಳೆ ಬಂದಿದ್ದರೆ ಮುಖ್ಯಮಂತ್ರಿನೇ ಹೆಲಿಕಾಪ್ಟರ್‌ನಲ್ಲಿ ಬರುತ್ತಿದ್ದರು. ಗಾಳಿಯಿಂದ ಆದ ಹಾನಿಗೆ ಕಾನೂನಿನಲ್ಲಿ ಜಾಗನೇ ಇಲ್ವಾ? ತಿಳಿದವರು ಹೇಳಿ.

ಬಸವನಾಡು:
ಅಣ್ಣಾ, ಓದಿ ಹೊಟ್ಟೆ ಉರಿಯಿತು. ಆದರೆ ಕಚೇರಿಯವರು ಹೇಳಿದ್ದು ನಿಯಮದಲ್ಲಿ ಇರುವುದೇ. ಪರಿಹಾರದ ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ, ಅದರಲ್ಲಿ ನೂರಕ್ಕೆ 75 ಭಾಗ ಕೇಂದ್ರದ್ದು, 25 ಭಾಗ ರಾಜ್ಯದ್ದು. ಯಾವ ಯಾವ ವಿಪತ್ತಿಗೆ ಈ ಹಣ ಎಂದು ಕೇಂದ್ರದ ಪಟ್ಟಿ ಇದೆ. 2022ರಿಂದ 26ರ ಅವಧಿಯ ಪಟ್ಟಿಯಲ್ಲಿ ಪ್ರವಾಹ, ಬರ, ಚಂಡಮಾರುತ, ಭೂಕಂಪ, ಮೇಘಸ್ಫೋಟ, ಆಲಿಕಲ್ಲು ಮಳೆ, ಹೀಗೆ 12 ಇದ್ದವು. ನಮ್ಮ ಕಡೆ ಬೇಸಿಗೆಯಲ್ಲಿ ಬೀಸುವ ಬಿರುಗಾಳಿ ಅದರಲ್ಲಿ ಇರಲಿಲ್ಲ. ಸಿಡಿಲೂ ಇರಲಿಲ್ಲ. ರಾಜ್ಯ ಸರ್ಕಾರ ತನ್ನ ಕಡೆಯಿಂದ ಸ್ಥಳೀಯ ವಿಪತ್ತು ಎಂದು ಘೋಷಿಸಿ ನಿಧಿಯ 10 ಭಾಗದೊಳಗೆ ಖರ್ಚು ಮಾಡಬಹುದು, ಅಷ್ಟೇ.

ಹಾಗಾಗಿ ಮೊದಲು ನಿಮ್ಮ ಪಂಚನಾಮೆಯ ಪ್ರತಿ ತೆಗೆದುಕೊಂಡು ನೋಡಿ. ಅದರಲ್ಲಿ "ಗಾಳಿ ಮಳೆ" ಎಂದಷ್ಟೇ ಇದೆಯೋ, ಆಲಿಕಲ್ಲು ಬಿದ್ದಿದ್ದೂ ಬರೆದಿದೆಯೋ? ಬಿದ್ದಿದ್ದು ನಿಜ ಇದ್ದರೆ ಅದು ದಾಖಲಾಗಲೇಬೇಕು. ಒಂದು ಶಬ್ದ ಬಿಟ್ಟು ಹೋದರೂ ಅರ್ಜಿ ಅಲ್ಲೇ ನಿಲ್ಲುತ್ತದೆ.

ಇನ್ನು ದರದ ಮಾತು. 2022ರಿಂದ 26ರ ಅವಧಿಗೆ ಇಟ್ಟಿದ್ದ ಲೆಕ್ಕದಲ್ಲಿ ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರ್ ತನಕ ಮಾತ್ರ, ಅದೂ ನೂರಕ್ಕೆ 33 ಭಾಗ ಅಥವಾ ಅದಕ್ಕಿಂತ ಹೆಚ್ಚು ಹಾನಿ ಆಗಿದ್ದರೆ. ಬಳ್ಳಿಯ ಮೇಲಿನ ಬೆಳೆಯನ್ನು ಹೆಕ್ಟೇರಿನಲ್ಲಿ ಅಳೆಯಬಹುದು, ರ್ಯಾಕ್ ಮೇಲಿನ ಮಣೂಕವನ್ನು ಹೇಗೆ ಅಳೆಯುತ್ತೀರಿ? ಮನೆಗೆ ಹೊಂದಿಕೊಂಡ ದನದ ಕೊಟ್ಟಿಗೆ ಬಿದ್ದರೆ ಅದೇ ಲೆಕ್ಕದಲ್ಲಿ 3,000 ರೂಪಾಯಿ ಇತ್ತು, ಮಣೂಕದ ಶೆಡ್ ಹೆಸರೇ ಅಲ್ಲಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಜನ ಇದರಿಂದಲೇ ಬದುಕುತ್ತಿರುವಾಗ ಇದು ದೊಡ್ಡ ಅನ್ಯಾಯ.

ತಿಕೋಟಾ ದ್ರಾಕ್ಷಿ:
ಧನ್ಯವಾದ ಸರ್. ವಿಮೆ ಕಟ್ಟಿದವರಿಗಾದರೂ ಬರುತ್ತದಾ? ನಮ್ಮ ಊರಲ್ಲಿ ಕೆಲವರು ಕಟ್ಟಿದ್ದಾರೆ.

ಬಸವನಾಡು:
ದ್ರಾಕ್ಷಿಗೆ ಇರುವುದು ಹವಾಮಾನ ಆಧಾರಿತ ವಿಮೆ. ಹವಾಮಾನ ಕೇಂದ್ರದ ಯಂತ್ರ ಏನು ಅಳೆಯಿತೋ ಅದರ ಮೇಲೆ ಹಣ. ಈ ಮೋಡ ಒಂದು ಊರು ಹೊಡೆದು ಪಕ್ಕದ ಊರು ಬಿಡುತ್ತದೆ. ಯಂತ್ರ ಪಕ್ಕದ ಊರಲ್ಲಿದ್ದರೆ ಕೆಲಸ ಕೆಟ್ಟಿತು. ಮಳೆ ಮಾಪಕಕ್ಕೆ ಆಲಿಕಲ್ಲು, ನೀರು ಬೇರೆ ಬೇರೆ ಎಂದು ತಿಳಿಯುವುದೂ ಇಲ್ಲ. ಆಲಿಕಲ್ಲಿಗೆ ಬೇರೆ ಹೆಚ್ಚುವರಿ ವಿಮೆ ಮಾಡಿಸಿದ್ದಾರಾ ಕೇಳಿ. ಫಸಲ್ ಬಿಮಾದಲ್ಲಿ (ಪ್ರಧಾನಮಂತ್ರಿ ಬೆಳೆ ವಿಮೆ) ಇರುವ ಬೆಳೆ ಆದರೆ 72 ತಾಸಿನೊಳಗೆ ತಿಳಿಸಬೇಕು, ತಡ ಮಾಡಬೇಡಿ.

ಘಟಪ್ರಭಾ ದಂಡೆ:
ನಾನು ಗೋಕಾಕ ಕಡೆಯವ. ಹೊಳೆ ಬಂದರೆ ಎಲ್ಲ ಸಿಗುತ್ತದೆ ಎಂದು ದಯವಿಟ್ಟು ತಿಳಿಯಬೇಡಿ. 2019ರ ಆಗಸ್ಟ್‌ನಲ್ಲಿ ನಮ್ಮ ಊರು ಮುಳುಗಿದಾಗ ರಾಜ್ಯದಲ್ಲಿ ಮಂತ್ರಿಗಳೇ ಇರಲಿಲ್ಲ. ಯಡಿಯೂರಪ್ಪನವರು ಜುಲೈ 26ಕ್ಕೆ ಪ್ರಮಾಣವಚನ ತೆಗೆದುಕೊಂಡರು, ಸಂಪುಟ ಆಗಿದ್ದು ಆಗಸ್ಟ್ 20ಕ್ಕೆ. ಕೇಂದ್ರದಿಂದ 1,200 ಕೋಟಿ ಬಂದಿದ್ದು ಅಕ್ಟೋಬರ್‌ನಲ್ಲಿ. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದರು, ಅದು ಒಳ್ಳೆಯ ತೀರ್ಮಾನವೇ, ಆದರೆ ಎಷ್ಟು ಹಾನಿ ಆಗಿದೆ ಎಂದು ನೋಡಿ ಎ, ಬಿ, ಸಿ ಎಂದು ಮನೆಗಳನ್ನು ವಿಂಗಡಿಸುವಾಗ ಅಣ್ಣ ತಮ್ಮಂದಿರ ನಡುವೆಯೇ ಜಗಳ ಹತ್ತಿದವು. ಒಂದೇ ಗೋಡೆಯ ಆ ಕಡೆ ಎ, ಈ ಕಡೆ ಸಿ. ಊರೊಳಗಿನ ಆ ಮನಸ್ತಾಪ ಇನ್ನೂ ಪೂರ್ತಿ ಹೋಗಿಲ್ಲ.

ಅದೇ ಡಿಸೆಂಬರ್ 5ಕ್ಕೆ ಗೋಕಾಕ, ಅಥಣಿ, ಕಾಗವಾಡದಲ್ಲಿ ಉಪಚುನಾವಣೆ ನಡೆಯಿತು, ಮೂರರಲ್ಲೂ ಆಳುವ ಪಕ್ಷವೇ ಗೆದ್ದಿತು. ಜನರಿಗೆ ಸಿಟ್ಟು ಇರಲಿಲ್ಲ ಎಂದಲ್ಲ. ಅರ್ಧ ಮನೆ ಕಟ್ಟಿ ಪರಿಹಾರದ ಮುಂದಿನ ಕಂತಿಗೆ ಕಾಯುವವನು ಸರ್ಕಾರದ ವಿರುದ್ಧ ಮತ ಹಾಕಲು ಹತ್ತು ಸಲ ಯೋಚಿಸುತ್ತಾನೆ. ಇದು ನನ್ನ ಅನಿಸಿಕೆ, ಒಪ್ಪದವರು ಹೇಳಿ.

ಇಂಡಿ ನಿಂಬೆ:
ಒಪ್ಪುವುದಿಲ್ಲ ಅಣ್ಣಾ. ಆ ಚುನಾವಣೆಯಲ್ಲಿ ಜಾತಿ, ಪಕ್ಷಾಂತರ, ಸರ್ಕಾರ ಉಳಿಯುವುದು, ಎಲ್ಲ ಇತ್ತು. ಬರೀ ಕಂತಿನ ಲೆಕ್ಕ ಅಲ್ಲ.

ನಾನು ಹೇಳಬೇಕಾದದ್ದು ಬೇರೆ ಇದೆ. ನಮ್ಮ ಕಡೆ ಗಾಳಿ, ಆಲಿಕಲ್ಲು ಬರುವುದು ಮಾರ್ಚ್‌ನಿಂದ ಮೇ ತನಕ. ನೆಲ ಕಾದು ಬಿಸಿ ಗಾಳಿ ಮೇಲೇರುತ್ತದೆ, ಸಮುದ್ರದ ಕಡೆಯಿಂದ ತೇವ ಬಂದು ಸೇರುತ್ತದೆ, ಸಂಜೆಗೆ ಮೋಡ ಕಟ್ಟಿ ಹೊಡೆಯುತ್ತದೆ. ಈಗ ಚುನಾವಣೆ ಯಾವಾಗ ಬರುತ್ತವೆ ನೋಡಿ. ವಿಧಾನಸಭೆ 2013, 2018, 2023, ಮೂರೂ ಮೇ ತಿಂಗಳಲ್ಲಿ. ಲೋಕಸಭೆ 2014 ಏಪ್ರಿಲ್, 2019 ಏಪ್ರಿಲ್, 2024ರಲ್ಲಿ ನಮ್ಮ ಕಡೆ ಮೇ 7. ಅಂದರೆ ದೊಡ್ಡ ಚುನಾವಣೆಯ ವರ್ಷ ಗಾಳಿ ಬೀಸುವ ಹೊತ್ತಿಗೆ ಸರಿಯಾಗಿ ಚುನಾವಣಾ ನೀತಿ ಸಂಹಿತೆ ಇರುತ್ತದೆ. 2014ರಲ್ಲಿ ಮಹಾರಾಷ್ಟ್ರದಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನ ತನಕ ಆಲಿಕಲ್ಲು ಸುರಿಯಿತು, ಮಾರ್ಚ್ 5ಕ್ಕೆ ಚುನಾವಣೆ ಘೋಷಣೆ ಆಯಿತು. ಆ ಹೊತ್ತಿನಲ್ಲಿ ಹೊಸ ಪರಿಹಾರ ಘೋಷಿಸಲು ಚುನಾವಣಾ ಆಯೋಗದ ಒಪ್ಪಿಗೆ ಬೇಕು. ಒಪ್ಪಿಗೆ ಸಿಗುತ್ತದೆ, ಆದರೆ ಆ ಕಾಗದ ಓಡಾಡುವಷ್ಟರಲ್ಲಿ ಸಾಲಗಾರ ಮನೆ ಬಾಗಿಲಿಗೆ ಬಂದಿರುತ್ತಾನೆ. ಅಧಿಕಾರಿಗಳೂ ಚುನಾವಣೆ ಕೆಲಸದಲ್ಲಿ ಇರುತ್ತಾರೆ, ಸಮೀಕ್ಷೆಗೆ ಯಾರು ಬರಬೇಕು? ಆದ್ದರಿಂದ ಪರಿಹಾರದ ದರ, ನಿಯಮ ಮೊದಲೇ ಬರೆದಿಟ್ಟಿರಬೇಕು, ಮಂತ್ರಿ ಘೋಷಣೆ ಮಾಡಿದರೆ ಮಾತ್ರ ಬರುವಂತೆ ಇರಬಾರದು.

ಮುಧೋಳ ಟೀಚರ್:
ಶೆಡ್ ಕಳೆದುಕೊಂಡವರ ಮಾತು ಸರಿ, ಶೆಡ್‌ನಲ್ಲೇ ಬದುಕುವವರನ್ನೂ ಸ್ವಲ್ಪ ನೆನೆಯಿರಿ ಅಣ್ಣಂದಿರಾ. ಹೊಳೆ ದಂಡೆಯಿಂದ ಎದ್ದು ಬಂದು ತಗಡಿನ ಗೂಡುಗಳಲ್ಲಿ ವರ್ಷಗಟ್ಟಲೆ ಇದ್ದವರಿಗೆ ಗಾಳಿ ಬಂತು ಅಂದರೆ ಜೀವ ಹೋದಂತೆ ಆಗುತ್ತದೆ. ತಗಡಿನ ಮೇಲೆ ಕಲ್ಲು ಹೇರಿ ಮಕ್ಕಳನ್ನು ಅದರ ಕೆಳಗೇ ಮಲಗಿಸುತ್ತಾರೆ. ಆ ಕಲ್ಲು ಜಾರಿ ಬಿದ್ದರೆ? ನಾನು ಪಾಠ ಮಾಡುವ ಮಕ್ಕಳಲ್ಲಿ ಅಂಥವರಿದ್ದಾರೆ. ಗುಡಿಸಲು ಹಾಳಾದರೆ 2022ರಿಂದ 26ರ ನಿಯಮದಲ್ಲಿ 8,000 ರೂಪಾಯಿ ಇತ್ತು, ಆದರೆ ಜಾಗದ ಕಾಗದ ಇಲ್ಲದವರು ಅರ್ಜಿ ಹಾಕಲೂ ಹೆದರುತ್ತಾರೆ. ಇವರ ಪರವಾಗಿ ಯಾರು ಮಾತಾಡಬೇಕು? ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಗಿತ್ತು, 2021ಕ್ಕೆ ಅವಧಿ ಮುಗಿಯಿತು, ಆಮೇಲೆ ವರ್ಷಗಳೇ ಸದಸ್ಯರಿಲ್ಲದೆ ಕಳೆದವು. ಹೊಳೆ ಹತ್ತು ಊರು ಮುಳುಗಿಸಿದರೆ ಶಾಸಕರು ಬರುತ್ತಾರೆ. ಗಾಳಿ ಒಂದು ಓಣಿ ಕೆಡವಿದರೆ ಬಂದು ನೋಡಬೇಕಾದವರು ತಾಲ್ಲೂಕು ಪಂಚಾಯಿತಿ ಸದಸ್ಯರು. ಆ ಕುರ್ಚಿಗಳನ್ನೇ ಖಾಲಿ ಇಟ್ಟರೆ ಹೇಗೆ?

ಬಸವನಾಡು:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ಈಗ ಉಳಿದಿರುವುದು ಗ್ರಾಮ ಸಭೆ. ತಿಕೋಟಾ ಅಣ್ಣಾ, ನಿಮ್ಮ ಪಂಚಾಯಿತಿಯಲ್ಲಿ ಠರಾವು (ನಿರ್ಣಯ) ಮಾಡಿಸಿ. ಬಿರುಗಾಳಿಯನ್ನು ಪರಿಹಾರದ ಲೆಕ್ಕಕ್ಕೆ ಸೇರಿಸಬೇಕು, ಮಣೂಕದ ಶೆಡ್ ಮತ್ತು ಮಾಲಿಗೆ ಬೇರೆ ದರ ಇಡಬೇಕು, ಇವೆರಡೇ ಬರೆಯಿರಿ. ಹತ್ತು ಬೇಡಿಕೆ ಹಾಕಿದರೆ ಯಾರೂ ಓದುವುದಿಲ್ಲ. ಪ್ರತಿಯನ್ನು ತಹಶೀಲ್ದಾರರಿಗೂ ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ತಿಕೋಟಾ ದ್ರಾಕ್ಷಿ:
ಆಯಿತು ಸರ್, ಪಂಚಾಯಿತಿ ಅಧ್ಯಕ್ಷರ ಜೊತೆ ಮಾತಾಡುತ್ತೇನೆ. ಅಕ್ಕ ಹೇಳಿದ ಗುಡಿಸಲಿನ ವಿಷಯವನ್ನೂ ಸೇರಿಸುತ್ತೇವೆ, ನಮ್ಮ ಊರಲ್ಲೂ ಕೂಲಿಯವರ ತಗಡು ಹೋಗಿವೆ, ಅವರು ಅರ್ಜಿ ಕೊಟ್ಟೇ ಇಲ್ಲ. ಅಥಣಿ, ಜಮಖಂಡಿ ಕಡೆ ಯಾರಾದರೂ ಇಂಥ ಠರಾವು ಮಾಡಿಸಿದ್ದರೆ ಅದರ ಫೋಟೊ ಇಲ್ಲಿ ಹಾಕಿ. ಬರೆಯುವ ರೀತಿ ತಿಳಿದರೆ ಸುಮ್ನೆ ಎರಡೆರಡು ಸಲ ತಿರುಗುವುದು ತಪ್ಪುತ್ತದೆ.