‘ಕಬೇಸಾ ದೆ ಬಾಕಾ’ ಎಂಬ ಸ್ಪ್ಯಾನಿಷ್ ಅಡ್ಡಹೆಸರು: ಹಸುವಿನ ತಲೆಯ ಕಥೆ ಎಷ್ಟು ನಿಜ?

ಪ್ರಶ್ನೆ – ಚರಿತ್ರೆಯ ಓದುಗ

ಹದಿನಾರನೆಯ ಶತಮಾನದ ಸ್ಪ್ಯಾನಿಷ್ ಅನ್ವೇಷಕ ಆಲ್ವಾರ್ ನೂನ್ಯೆಸ್ ಕಬೇಸಾ ದೆ ಬಾಕಾನ ಬಗ್ಗೆ ಓದುತ್ತಿದ್ದೇನೆ. 1528ರಲ್ಲಿ ಫ್ಲಾರಿಡಾ ತೀರದಲ್ಲಿ ಇಳಿದ ಸುಮಾರು 300 ಜನರ ಪೈಕಿ, ಹಡಗೊಡೆತ, ಹಸಿವು, ಸೆರೆವಾಸಗಳನ್ನೆಲ್ಲ ದಾಟಿ 1536ರಲ್ಲಿ ಮೆಕ್ಸಿಕೋ ತಲುಪಿದ ನಾಲ್ವರಲ್ಲಿ ಈತನೂ ಒಬ್ಬ. ಆತನ ಅಡ್ಡಹೆಸರಿನ ನೇರ ಅರ್ಥ ‘ಹಸುವಿನ ತಲೆ’. 1212ರ ಯುದ್ಧವೊಂದರಲ್ಲಿ ಕುರುಬನೊಬ್ಬ ಹಸುವಿನ ತಲೆಬುರುಡೆಯನ್ನಿಟ್ಟು ಕ್ರೈಸ್ತ ಸೈನ್ಯಕ್ಕೆ ಗುಪ್ತದಾರಿಯನ್ನು ಗುರುತು ಮಾಡಿಕೊಟ್ಟನೆಂದೂ, ಅದಕ್ಕಾಗಿ ರಾಜನು ಅವನ ಮನೆತನಕ್ಕೆ ಈ ಹೆಸರನ್ನು ದಯಪಾಲಿಸಿದನೆಂದೂ ನೋಡಿದಲ್ಲೆಲ್ಲ ಬರೆದಿದ್ದಾರೆ. ಈ ಕಥೆಯನ್ನು ಎಷ್ಟರಮಟ್ಟಿಗೆ ನಂಬಬಹುದು? ಅಲ್ಲದೆ ಆಲ್ವಾರನ ತಂದೆಯ ಹೆಸರು ಫ್ರಾನ್ಸಿಸ್ಕೋ ದೆ ವೇರಾ ಎಂದಿರುವಾಗ ಮಗನ ಅಡ್ಡಹೆಸರು ಬೇರೆಯಾದದ್ದು ಹೇಗೆ? ಈಗ ಈ ಹೆಸರಿನವರು ಎಲ್ಲೆಲ್ಲಿ ಇದ್ದಾರೆಂಬುದನ್ನೂ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 – ಹಳೆಯ ದಾಖಲೆ

ಯುದ್ಧ ನಿಜ, ದಾರಿ ತೋರಿಸಿದವನೂ ಬಹುಮಟ್ಟಿಗೆ ನಿಜ; ತಲೆಬುರುಡೆ ಮಾತ್ರ ಅನುಮಾನಕ್ಕೆ ಎಡೆಕೊಡುತ್ತದೆ. 1212ರ ಜುಲೈ 16ರಂದು ನಡೆದ ಲಾಸ್ ನಾವಾಸ್ ದೆ ತೊಲೋಸಾ ಕದನದಲ್ಲಿ ಕಾಸ್ತೀಲಿನ ಎಂಟನೆಯ ಅಲ್ಫೊನ್ಸೊ, ಅರಗಾನಿನ ಎರಡನೆಯ ಪೆದ್ರೊ, ನವಾರದ ಏಳನೆಯ ಸಾಂಚೊ ಒಟ್ಟುಗೂಡಿ, ಉತ್ತರ ಆಫ್ರಿಕಾದ ಮುಸ್ಲಿಂ ರಾಜವಂಶವಾದ ಅಲ್ಮೊಹಾದರ ಖಲೀಫ ಮುಹಮ್ಮದ್ ಅಲ್ ನಾಸಿರನನ್ನು ಸೋಲಿಸಿದರು. ಕದನಕ್ಕೆ ಮುನ್ನ ಸಿಯೆರ್ರಾ ಮೊರೆನಾ ಬೆಟ್ಟಸಾಲಿನ ಕಣಿವೆಮಾರ್ಗವನ್ನು ಅಲ್ಮೊಹಾದ್ ಪಡೆಗಳು ಕಟ್ಟಿ ಹಾಕಿದ್ದರಿಂದ, ಮುಂದೆ ಹೋಗಲೂ ಆಗದೆ ಹಿಂದಿರುಗಲೂ ಮನಸ್ಸಾಗದೆ ರಾಜರು ಮೇಲೆಯೇ ಸಿಕ್ಕಿಕೊಂಡಿದ್ದರು.

ಆ ಯುದ್ಧದಲ್ಲಿ ಸ್ವತಃ ಹಾಜರಿದ್ದ ತೊಲೇದೊ ನಗರದ ಆರ್ಚ್‌ಬಿಷಪ್ ರೊಡ್ರಿಗೊ ಹಿಮೆನೆಸ್ ದೆ ರಾದಾ ತನ್ನ ಲ್ಯಾಟಿನ್ ಚರಿತ್ರೆಯಲ್ಲಿ ಈ ಪ್ರಸಂಗವನ್ನು ದಾಖಲಿಸಿದ್ದಾನೆ. ವೇಷದಲ್ಲಿಯೂ ರೂಪದಲ್ಲಿಯೂ ತೀರ ಸಾಮಾನ್ಯನಾಗಿದ್ದ, ಹಿಂದೆ ಆ ಬೆಟ್ಟಗಳಲ್ಲಿ ದನಕುರಿ ಕಾಯುತ್ತ ಮೊಲಗಳನ್ನು ಹಿಡಿಯುತ್ತ ಇದ್ದ ಮನುಷ್ಯನೊಬ್ಬ ಬಂದು ಬೇರೊಂದು ದಾರಿಯನ್ನು ತೋರಿಸಿದನೆಂದು ಆತ ಹೇಳುತ್ತಾನೆ. ರಾಜ ಅಲ್ಫೊನ್ಸೊ ಪೋಪ್ ಮೂರನೆಯ ಇನ್ನೊಸೆಂಟನಿಗೆ ಬರೆದ ಪತ್ರದಲ್ಲಿಯೂ ದೇವರೇ ಕಳುಹಿಸಿದ ಹಳ್ಳಿಗನೊಬ್ಬನ ಮಾತು ಬರುತ್ತದೆ. ಆದರೆ ಈ ಎರಡರಲ್ಲಿಯೂ ಆ ಮನುಷ್ಯನಿಗೆ ಹೆಸರಿಲ್ಲ. ಮಾರ್ತಿನ್ ಆಲಾಹಾ ಎಂಬ ಹೆಸರು, ಹಸುವಿನ ತಲೆಬುರುಡೆ, ರಾಜನ ಕೊಡುಗೆ ಇವೆಲ್ಲ ಆಮೇಲಿನವರು ಹೆಣೆದು ಸೇರಿಸಿದವು. ಅದೇ ಅನಾಮಿಕನನ್ನು ಇನ್ನೊಂದು ಪರಂಪರೆಯವರು ಮ್ಯಾಡ್ರಿಡ್ ನಗರದ ಪೋಷಕ ಸಂತ ಇಸಿದ್ರೊ ಎಂದು ಗುರುತಿಸಿದ್ದಾರೆ. ಹೆಸರಿಲ್ಲದ ಉಪಕಾರಿಯನ್ನು ತಮ್ಮವನೆಂದು ಹೇಳಿಕೊಳ್ಳಲು ಒಂದು ಮನೆತನಕ್ಕೂ ಒಂದು ಊರಿಗೂ ಸಮಾನ ಅವಕಾಶ ದೊರೆತಿತ್ತು ಎಂಬುದೇ ನನಗೆ ಇಲ್ಲಿ ಹೆಚ್ಚು ಕುತೂಹಲದ ಸಂಗತಿ.

ಹೆಸರಿಗೆ ಯುದ್ಧವಿಲ್ಲದೆಯೂ ವಿವರಣೆ ಕೊಡಬಹುದು. ಸ್ಪೇನಿನ ಸ್ಥಳನಾಮಗಳಲ್ಲಿ ‘ಕಬೇಸಾ’ ಎಂಬುದು ಗುಡ್ಡದ ನೆತ್ತಿಯನ್ನು ಸೂಚಿಸುವುದು ಸಾಮಾನ್ಯ. ಬದಹೋಸ್ ಪ್ರಾಂತ್ಯದಲ್ಲಿ ‘ಎತ್ತಿನ ತಲೆ’ ಎಂಬ ಅರ್ಥದ ಕಬೇಸಾ ದೆಲ್ ಬುಯೆ ಎಂಬ ಊರು ಇಂದಿಗೂ ಇದೆ. ಅಂಥದೊಂದು ಗುಡ್ಡದ ಅಥವಾ ಹಳ್ಳಿಯ ಹೆಸರು ಮನೆತನಕ್ಕೆ ಅಂಟಿಕೊಂಡಿರುವುದು ಅಸಂಭವವಲ್ಲ. ಇದು ನನ್ನ ಊಹೆಯೇ ಹೊರತು ಸಿದ್ಧಪಟ್ಟ ವಿಷಯವಲ್ಲ. ಆದರೂ ತಲೆಬುರುಡೆಯ ಕಥೆಗಿಂತ ಇದು ಕಡಿಮೆ ಕಷ್ಟದ ಊಹೆ.

ಉತ್ತರ 2 – ವಂಶಾವಳಿ

ತಂದೆಯ ಹೆಸರಿನ ಪ್ರಶ್ನೆಗೆ ಆಲ್ವಾರನೇ ತನ್ನ ಪುಸ್ತಕದ ಕೊನೆಯಲ್ಲಿ ಉತ್ತರ ಕೊಟ್ಟಿದ್ದಾನೆ. 1542ರಲ್ಲಿ ಸಮೋರಾದಲ್ಲಿ ಅಚ್ಚಾದ ಆ ವೃತ್ತಾಂತದಲ್ಲಿ ಬದುಕುಳಿದ ನಾಲ್ವರ ಊರು, ಮನೆತನಗಳನ್ನು ಹೇಳುವಾಗ, ತಾನು ಫ್ರಾನ್ಸಿಸ್ಕೋ ದೆ ವೇರಾನ ಮಗ, ಕನಾರಿಯಾ ದ್ವೀಪವನ್ನು ಗೆದ್ದ ಪೆದ್ರೊ ದೆ ವೇರಾನ ಮೊಮ್ಮಗ, ತನ್ನ ತಾಯಿ ಹೆರೆಸ್ ದೆ ಲಾ ಫ್ರೊಂತೆರಾ ಊರಿನ ದೋನ್ಯಾ ತೆರೆಸಾ ಕಬೇಸಾ ದೆ ಬಾಕಾ ಎಂದು ಬರೆದಿದ್ದಾನೆ. ಅಂದರೆ ಈ ಹೆಸರು ಅವನಿಗೆ ಬಂದದ್ದು ತಾಯಿಯ ಕಡೆಯಿಂದ.

ಅಂದಿನ ಸ್ಪೇನಿನಲ್ಲಿ ಇದರಲ್ಲಿ ವಿಶೇಷವೇನೂ ಇರಲಿಲ್ಲ. ಒಂದೇ ತಂದೆತಾಯಿಯ ಮಕ್ಕಳು ಬೇರೆ ಬೇರೆ ಅಡ್ಡಹೆಸರುಗಳನ್ನು ಇಟ್ಟುಕೊಳ್ಳುತ್ತಿದ್ದರು. ಹಿರಿಮೆಯಿದ್ದ ಮನೆತನದ ಹೆಸರನ್ನೋ, ಆಸ್ತಿ ಬರಬೇಕಿದ್ದ ಹಿರಿಯರ ಹೆಸರನ್ನೋ ಆರಿಸಿಕೊಳ್ಳುವುದು ವಾಡಿಕೆಯಾಗಿತ್ತು. ಮೊದಲು ತಂದೆಯದು, ಆಮೇಲೆ ತಾಯಿಯದು ಎಂಬ ಎರಡು ಅಡ್ಡಹೆಸರುಗಳ ಈಗಿನ ಪದ್ಧತಿಯನ್ನು ಗಟ್ಟಿಗೊಳಿಸಿದ್ದು 1870ರ ನಾಗರಿಕ ನೋಂದಣಿ ಕಾಯ್ದೆ ಮತ್ತು ಅದರ ಹಿಂದೆಯೇ ಬಂದ ನಿಯಮಗಳು.

ವಿರಳ ಹೆಸರುಗಳಿಗೆ ಪೆಟ್ಟು ಬಿದ್ದದ್ದು ಇಲ್ಲಿಯೇ. ತಾಯಿಯ ಅಡ್ಡಹೆಸರು ಮಕ್ಕಳಲ್ಲಿ ಎರಡನೆಯದಾಗಿ ಉಳಿದರೂ ಮೊಮ್ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣೆಯಾಗುತ್ತದೆ. ಗಾರ್ಸಿಯಾ ಎಂಬುದು ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮೊದಲ ಅಡ್ಡಹೆಸರಾಗಿರುವ ದೇಶದಲ್ಲಿ, ಗಂಡುಸಂತಾನವಿಲ್ಲದ ಒಂದೆರಡು ತಲೆಮಾರು ಕಳೆದರೆ ಸಣ್ಣ ಹೆಸರೊಂದು ಸದ್ದಿಲ್ಲದೆ ಅಳಿದುಹೋಗುತ್ತದೆ. 1999ರ ಕಾನೂನು ಹೆಸರುಗಳ ಕ್ರಮವನ್ನು ತಂದೆತಾಯಿ ಒಪ್ಪಂದದಿಂದ ಅದಲುಬದಲು ಮಾಡಲು ಅವಕಾಶ ಕೊಟ್ಟಿತು. 2017ರಿಂದ ತಂದೆಯ ಹೆಸರಿಗೆ ತಾನಾಗಿ ಸಿಗುತ್ತಿದ್ದ ಆದ್ಯತೆಯೂ ಹೋಯಿತು.

ಉತ್ತರ 3 – ಗಡಿಯಾಚೆ

ಹರಡುವಿಕೆಯ ಬಗ್ಗೆ ನನ್ನ ಪಾಲಿನ ಮಾತು. ಸ್ಪ್ಯಾನಿಷ್ ಉಚ್ಚಾರಣೆಯಲ್ಲಿ ‘ವಕಾರ’ ಮತ್ತು ‘ಬಕಾರ’ಗಳಿಗೆ ಭೇದವಿಲ್ಲದ್ದರಿಂದ ಈ ಹೆಸರನ್ನು ಎರಡೂ ಅಕ್ಷರಗಳಿಂದ ಬರೆಯುವವರಿದ್ದಾರೆ. ‘ಬ’ ಅಕ್ಷರದ ರೂಪವನ್ನು ಹುಡುಕಬೇಕಾದದ್ದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ. ಅಲ್ಲಿಗೆ 1600ರಲ್ಲಿ ಬಂದು ನೆಲೆಸಿದ ಕ್ರಿಸ್ತೋಬಲ್ ಬಾಕಾನ ವಂಶಸ್ಥರಿಂದ ಬಾಕಾ ಎಂಬ ಚಿಕ್ಕ ರೂಪ ಬಹಳ ಸಾಮಾನ್ಯವಾಗಿದೆ. ಉದ್ದನೆಯ ರೂಪವನ್ನು ಇಟ್ಟುಕೊಂಡವರು ಕಡಿಮೆ. ಅಂಥವರಲ್ಲಿ ಎಸೆಕಿಯೆಲ್ ಕಬೇಸಾ ದೆ ಬಾಕಾ ರಾಜ್ಯದ ಎರಡನೆಯ ಗವರ್ನರ್ ಆಗಿ 1917ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡು ಫೆಬ್ರವರಿಯಲ್ಲೇ ತೀರಿಕೊಂಡರು. ಅದಕ್ಕೂ ಹಿಂದಿನ ಲೂಯಿಸ್ ಮರಿಯಾ ಕಬೇಸಾ ದೆ ಬಾಕಾನಿಗೆ ಸಂಬಂಧಿಸಿದ ಭೂದಾನದ ವ್ಯಾಜ್ಯ ಬಗೆಹರಿಯಲು, 1860ರಲ್ಲಿ ಅಮೆರಿಕದ ಕಾಂಗ್ರೆಸ್ ಆತನ ವಾರಸುದಾರರಿಗೆ ಸುಮಾರು ಒಂದೊಂದು ಲಕ್ಷ ಎಕರೆಯ ಐದು ಜಮೀನುಗಳನ್ನು ಬೇರೆಡೆ ಆರಿಸಿಕೊಳ್ಳಲು ಬಿಟ್ಟಿತು. ಹೀಗಾಗಿ ಬಾಕಾ ಎಂಬುದು ಅಲ್ಲಿನ ಭೂಪಟಗಳಲ್ಲಿಯೂ ಸೇರಿಹೋಗಿದೆ.

ಮೆಕ್ಸಿಕೋದಲ್ಲಿ 2016ರಿಂದ 2022ರವರೆಗೆ ತಮೌಲಿಪಾಸ್ ರಾಜ್ಯದ ಗವರ್ನರ್ ಆಗಿದ್ದ ಫ್ರಾನ್ಸಿಸ್ಕೋ ಗಾರ್ಸಿಯಾ ಕಬೇಸಾ ದೆ ಬಾಕಾ ಅವರನ್ನು ಪತ್ರಿಕೆಗಳು ಎರಡನೆಯ ಅಡ್ಡಹೆಸರಿನಿಂದಲೇ ಕರೆಯುವುದನ್ನು ಗಮನಿಸಿ. ಗಾರ್ಸಿಯಾ ಎಂದರೆ ಯಾವ ಗಾರ್ಸಿಯಾ ಎಂದು ಕೇಳಬೇಕಾಗುತ್ತದೆ. ಕಬೇಸಾ ದೆ ಬಾಕಾ ಎಂದರೆ ಆ ತೊಂದರೆಯಿಲ್ಲ. ಸ್ಪೇನಿನ ಇಂದಿನ ಅಂಕಿ ಬೇಕಿದ್ದರೆ ಅಲ್ಲಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ಜಾಲತಾಣದಲ್ಲಿ ಒಂದು ಹೆಸರು ಎಷ್ಟು ಜನರಿಗೆ ಮೊದಲನೆಯದಾಗಿ, ಎಷ್ಟು ಜನರಿಗೆ ಎರಡನೆಯದಾಗಿ ಇದೆಯೆಂಬುದನ್ನು ಪ್ರಾಂತ್ಯವಾರು ನೋಡಬಹುದು. ಹುಡುಕುವಾಗ ಬಿಡಿಸಿ ಬರೆದ, ಕೂಡಿಸಿ ಬರೆದ ರೂಪಗಳನ್ನೆಲ್ಲ ಪ್ರಯತ್ನಿಸಿ. ತೀರ ಕಡಿಮೆ ಜನರಿರುವ ಹೆಸರುಗಳನ್ನು ಖಾಸಗಿತನದ ಕಾರಣಕ್ಕೆ ಆ ಪಟ್ಟಿಯಲ್ಲಿ ತೋರಿಸುವುದಿಲ್ಲ.

ಪ್ರತಿಕ್ರಿಯೆ – ಚರಿತ್ರೆಯ ಓದುಗ

ಮೂವರಿಗೂ ಕೃತಜ್ಞತೆಗಳು. ಆರ್ಚ್‌ಬಿಷಪ್ಪನ ಬರಹದಲ್ಲಿ ಹೆಸರೇ ಇಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಒಂದು ಸಂದೇಹ ಉಳಿದಿದೆ: ಈ ಮನೆತನದ ಲಾಂಛನದ ಅಂಚಿನಲ್ಲಿ ಹಸುವಿನ ತಲೆಗಳನ್ನು ಚಿತ್ರಿಸಿರುವುದನ್ನು ಕಂಡಿದ್ದೇನೆ. ಅದು ಕಥೆಗೆ ಆಧಾರವಾಗುವುದಿಲ್ಲವೇ?

ಉತ್ತರ 1 – ಹಳೆಯ ದಾಖಲೆ

ಆಗುವುದಿಲ್ಲ. ಹೆಸರನ್ನೇ ಚಿತ್ರವಾಗಿಸುವುದು ಯೂರೋಪಿನ ಲಾಂಛನಗಳಲ್ಲಿ ಬಹಳ ಹಳೆಯ ರೂಢಿ. ಹೆಸರಿನಲ್ಲೇ ಕೋಟೆಯ ಅರ್ಥವಿರುವ ಕಾಸ್ತೀಲಿನ ಗುರುತು ಕೋಟೆ; ಸ್ಪ್ಯಾನಿಷಿನಲ್ಲಿ ‘ಲೆಯೋನ್’ ಎಂದರೆ ಸಿಂಹ, ಆ ರಾಜ್ಯದ ಗುರುತೂ ಸಿಂಹ. ಹಸುವಿನ ತಲೆ ಎಂಬ ಹೆಸರಿನವರು ಹಸುವಿನ ತಲೆಯನ್ನು ಬರೆಸಿಕೊಂಡರೆ ಅದರಿಂದ ಹೆಸರಿತ್ತೆಂದು ಮಾತ್ರ ತಿಳಿಯುತ್ತದೆ, ಹೆಸರು ಬಂದ ಬಗೆ ತಿಳಿಯುವುದಿಲ್ಲ. ಜೊತೆಗೆ ಸ್ಪೇನಿನಲ್ಲಿ ಲಾಂಛನವು ಒಂದು ನಿರ್ದಿಷ್ಟ ವಂಶಕ್ಕೆ ಸೇರಿದ್ದು, ಅದೇ ಅಡ್ಡಹೆಸರಿರುವ ಎಲ್ಲರದೂ ಅಲ್ಲ. ಹೆಸರು ಟೈಪಿಸಿದರೆ ಸಾಕು, ಚೌಕಟ್ಟು ಹಾಕಿದ ಲಾಂಛನವನ್ನು ಕಳುಹಿಸಿಕೊಡುವ ಅಂಗಡಿಗಳು ಈ ಮಾತನ್ನು ಹೇಳುವುದಿಲ್ಲ. ವಂಶದ ಕೊಂಡಿ ಬೇಕಿದ್ದವರು ಲಾಂಛನವನ್ನು ಬದಿಗಿಟ್ಟು, 1871ರಿಂದ ಈಚೆಗಿನದಕ್ಕೆ ನಾಗರಿಕ ನೋಂದಣಿಯನ್ನೂ ಅದಕ್ಕೆ ಹಿಂದಿನದಕ್ಕೆ ಚರ್ಚುಗಳ ದೀಕ್ಷಾಸ್ನಾನದ ಪುಸ್ತಕಗಳನ್ನೂ ನೋಡುವುದು ಒಳ್ಳೆಯದು. ಆಗಲೂ ‘ಉತ್ತರ 2’ರಲ್ಲಿ ಹೇಳಿರುವಂತೆ ತಾಯಿಯ ಕಡೆಯ ಸಾಲನ್ನು ಬಿಡುವಂತಿಲ್ಲ.