ಶಿವರಾತ್ರಿ ಹೊತ್ತಿಗೆ ನಕ್ಷತ್ರ ನೋಡಲು ಹೊಸನಗರ ಕಡೆ: ಎಲ್ಲಿ ಕೂರುವುದು, ಇಬ್ಬನಿಗೆ ಏನು ಮಾಡುವುದು?

ಪ್ರಶ್ನೆ: ಕೃತ್ತಿಕೆ_ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ತಾರಸಿಯಿಂದ ಸಪ್ತರ್ಷಿಗಳ ಏಳೂ ನಕ್ಷತ್ರ ಎಣಿಸುವುದು ಕಷ್ಟವಾಗಿದೆ. ಶಿವರಾತ್ರಿ ಸುಮಾರಿಗೆ ಹೊಸನಗರ ತಾಲ್ಲೂಕಿನ ನೆಂಟರ ಮನೆಗೆ ಹೋಗಿ ಒಂದು ರಾತ್ರಿ ಪೂರ್ತಿ ಆಕಾಶ ನೋಡಬೇಕೆಂದಿದ್ದೇವೆ. ಇಬ್ಬರು ದೊಡ್ಡವರು, 8 ಮತ್ತು 11 ವರ್ಷದ ಮಕ್ಕಳು, 70 ದಾಟಿದ ಅಪ್ಪ. 10×50 ಬೈನಾಕ್ಯುಲರ್ ಇದೆ, 114 ಮಿ.ಮೀ. ಕನ್ನಡಿಯ ಟೆಲಿಸ್ಕೋಪ್ ಇದೆ. ಮನೆ ಕಣಿವೆಯಲ್ಲಿದೆ, ಮುಂದೆ ಗದ್ದೆ, ಹಿಂದೆ ತೋಟ, ಮೇಲೆ ಬ್ಯಾಣ (ಹುಲ್ಲು ಬೆಳೆಯುವ ಗುಡ್ಡದ ಬಯಲು). ಎಲ್ಲಿ ಕೂರಬೇಕು? ರಾತ್ರಿ ಹನ್ನೊಂದರ ಮೇಲೆ ಎಲ್ಲದರ ಮೇಲೂ ಇಬ್ಬನಿ ಕೂರುತ್ತದೆ, ಅದಕ್ಕೇನು ಉಪಾಯ? ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಇಡುವುದು ಹೇಗೆ? ಕುಂದಾದ್ರಿ, ಕೊಡಚಾದ್ರಿ ಇನ್ನೂ ಚೆನ್ನ ಅನ್ನುತ್ತಾರೆ, ನಿಜವೇ?

ಉತ್ತರ: ಬ್ಯಾಣದ_ಬೇಲಿ

ದಿನ ಚೆನ್ನಾಗಿಯೇ ಆರಿಸಿದ್ದೀರಿ. ಶಿವರಾತ್ರಿ ಅಂದರೆ ಮಾಘ ಬಹುಳ ಚತುರ್ದಶಿ, ಅಮಾವಾಸ್ಯೆಯ ಹಿಂದಿನ ರಾತ್ರಿ. ಚಂದ್ರ ಹುಟ್ಟುವುದು ಸೂರ್ಯನಿಗಿಂತ ಒಂದೊಂದೂವರೆ ಗಂಟೆ ಮೊದಲು ಅಷ್ಟೇ, ರಾತ್ರಿಯಿಡೀ ಕತ್ತಲೆ. ಆ ದಿನ ಆಗದಿದ್ದರೆ ಪಂಚಾಂಗ ನೋಡಿ: ಬಹುಳ ಅಷ್ಟಮಿಗೆ ಚಂದ್ರ ಹುಟ್ಟುವುದು ನಡುರಾತ್ರಿಗೆ, ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡ. ಶುದ್ಧ ಪಂಚಮಿಯವರೆಗೂ ಹತ್ತು ಗಂಟೆ ಸುಮಾರಿಗೆ ಮುಳುಗಿಬಿಡುತ್ತದೆ. ಹಬ್ಬದ ದಿನ ದೇವಸ್ಥಾನಗಳಲ್ಲಿ ಬೆಳಗಿನವರೆಗೂ ದೀಪ, ಮೈಕು ಇರುತ್ತದೆ. ಹತ್ತಿರದ ಗುಡಿ ಯಾವ ದಿಕ್ಕಿಗಿದೆ ಅಂತ ಮೊದಲೇ ಕೇಳಿಕೊಳ್ಳಿ.

ಜಾಗದ ವಿಷಯಕ್ಕೆ ಬಂದರೆ ಗದ್ದೆಯಲ್ಲಿ ಕೂರಬೇಡಿ. ಕೊಯ್ಲಾದ ಗದ್ದೆ ಬಯಲಾಗಿ ಚೆಂದ ಕಾಣುತ್ತದೆ, ಆದರೆ ರಾತ್ರಿ ತಣ್ಣಗಾದ ಗಾಳಿ ಇಳಿಜಾರಿನಲ್ಲಿ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ತೋಟದ ತೇವ, ಹಳ್ಳದ ತೇವ ಎಲ್ಲ ಅಲ್ಲೇ. ಮೂರು ಗಂಟೆಗೆ ಮಂಜು ಕವಿದರೆ ಬೆಳಗಿನ ಜಾವದ ಆಕಾಶ, ಅಂದರೆ ಆ ತಿಂಗಳಿನ ಅತ್ಯುತ್ತಮ ಭಾಗ, ಕೈತಪ್ಪಿತು. 30–40 ಅಡಿ ಮೇಲೆ ಬ್ಯಾಣಕ್ಕೆ ಹತ್ತಿದರೂ ಎಷ್ಟೋ ಸಲ ಮಂಜಿನ ಮೇಲೆ ಇರುತ್ತೀರಿ. ಹಗಲಲ್ಲೇ ಹೋಗಿ ದಕ್ಷಿಣ ದಿಕ್ಕು ನೋಡಿ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಸುಮಾರು 10 ಡಿಗ್ರಿ. ನಮ್ಮ ಅಕ್ಷಾಂಶದಲ್ಲಿ (ಸುಮಾರು 14 ಡಿಗ್ರಿ) ತ್ರಿಶಂಕು (ದಕ್ಷಿಣದ ಶಿಲುಬೆಯಾಕಾರದ ನಕ್ಷತ್ರಪುಂಜ, ಸದರ್ನ್ ಕ್ರಾಸ್) ಏರುವುದೇ ಒಂದೂವರೆ ಮುಷ್ಟಿ. ದಕ್ಷಿಣಕ್ಕೆ ಗುಡ್ಡವೋ ಮರವೋ ಅದಕ್ಕಿಂತ ಎತ್ತರ ಇದ್ದರೆ ಜಾಗ ಬದಲಿಸಿ. ಉತ್ತರಕ್ಕೆ ಮರ ಇದ್ದರೂ ನಷ್ಟ ಕಡಿಮೆ.

ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮದೊಳಗಿದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವ ಮಾತಿಲ್ಲ. ಕುಂದಾದ್ರಿಯ ತುದಿಯಲ್ಲಿರುವುದು ಬಸದಿ, ಅಲ್ಲಿಯೂ ಕೇಳದೆ ರಾತ್ರಿ ಹೋಗಬೇಡಿ. ಆಗುಂಬೆ ಸೂರ್ಯಾಸ್ತದ ಜಾಗ ಹೆದ್ದಾರಿಯ ಪಕ್ಕ, ಹೆಡ್‌ಲೈಟ್ ಒಂದು ಸಲ ಕಣ್ಣಿಗೆ ಬಿದ್ದರೆ ಮತ್ತೆ 20–30 ನಿಮಿಷ ಕಣ್ಣು ಕತ್ತಲಿಗೆ ಹೊಂದುವುದಿಲ್ಲ. ಪಶ್ಚಿಮಕ್ಕೆ ಕರಾವಳಿಯ ಬೆಳಕೂ ಏಳುತ್ತದೆ. ಮಕ್ಕಳು, ವಯಸ್ಸಾದವರು ಇರುವಾಗ ನೆಂಟರ ಮನೆಯ ಬ್ಯಾಣವೇ ಎಲ್ಲಕ್ಕಿಂತ ಮೇಲು: ನಿದ್ದೆ ಬಂದರೆ ಮನೆ ಹತ್ತಿರ.

ಉತ್ತರ: ಸೊಪ್ಪಿನಬೆಟ್ಟ

ಇದಕ್ಕೆ ಒಂದು ಮುಖ್ಯ ಮಾತು ಸೇರಿಸಲೇಬೇಕು. ನಮ್ಮ ಕಡೆ ಆಕಾಶ ತಿಳಿಯಾಗಿರುವ ತಿಂಗಳುಗಳೂ ಮಂಗನ ಕಾಯಿಲೆಯ ತಿಂಗಳುಗಳೂ ಒಂದೇ, ಡಿಸೆಂಬರಿನಿಂದ ಮೇ. ಈ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ (ರಕ್ತ ಹೀರುವ ಉಣ್ಣೆ). ಆಗ ಕಚ್ಚುವ ಮರಿ ಉಣುಗು ರಾಗಿ ಕಾಳಿನಷ್ಟಿರುತ್ತದೆ, ಕತ್ತಲಲ್ಲಿ ಕಾಣುವುದಿಲ್ಲ. ಅದು ಇರುವುದು ದರಕಿನಲ್ಲಿ (ಉದುರಿದ ಒಣ ಎಲೆಯಲ್ಲಿ), ಕುರುಚಲಿನಲ್ಲಿ, ದನ ಓಡಾಡುವ ದಾರಿಯಲ್ಲಿ.

ನಕ್ಷತ್ರ ನೋಡುವವರು ಮಾಡುವ ದೊಡ್ಡ ತಪ್ಪು ನೆಲದ ಮೇಲೆ ಚಾದರ ಹಾಸಿ ಮಲಗುವುದು. ಮಲಗಬೇಡಿ. ಹೊರಡುವ ಮೊದಲು ನೆಂಟರನ್ನೇ ಕೇಳಿ: ಆಸುಪಾಸಿನಲ್ಲಿ ಮಂಗ ಸತ್ತಿದೆಯೇ, ಆಶಾ ಕಾರ್ಯಕರ್ತೆ ಎಚ್ಚರಿಕೆ ಹೇಳಿ ಹೋಗಿದ್ದಾರೆಯೇ? ಹೌದಾದರೆ ಬ್ಯಾಣದ ಆಸೆ ಬಿಟ್ಟು ಗುಡಿಸಿದ ಅಂಗಳದಲ್ಲೋ ತಾರಸಿಯಲ್ಲೋ ಕೂರಿ. ಇಲ್ಲವಾದರೂ ದರಕು ಇಲ್ಲದ ಬರಿ ಕಲ್ಲಿನ ಅಥವಾ ಗಟ್ಟಿ ಮಣ್ಣಿನ ಜಾಗ ಆರಿಸಿ, ಟಾರ್ಪಾಲು ಹಾಸಿ, ಅದರ ಮೇಲೆ ಕುರ್ಚಿ ಹಾಕಿ. ಆರಾಮಕುರ್ಚಿ ಇದ್ದರೆ ಕುತ್ತಿಗೆಯೂ ನೋಯುವುದಿಲ್ಲ. ಉದ್ದ ತೋಳು, ಉದ್ದ ಪ್ಯಾಂಟು, ಪ್ಯಾಂಟಿನ ತುದಿ ಕಾಲುಚೀಲದೊಳಗೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತಿರ ಬಾರದಂತೆ ಹಚ್ಚುವ ಡೆಪಾ ತೈಲ ಕೇಳಿ ಪಡೆದು ಕೈಕಾಲಿಗೆ ಹಚ್ಚಿ. ಆ ಎಣ್ಣೆ ಕೈ ಲೆನ್ಸಿಗೆ ತಾಗದಿರಲಿ.

ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ. ಮಕ್ಕಳ ಕಿವಿಯ ಹಿಂದೆ, ಕಂಕುಳು, ತೊಡೆಸಂದು ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಹಿಸುಕಬೇಡಿ, ಸೀಮೆಎಣ್ಣೆ, ಬೆಂಕಿ ಏನೂ ಬೇಡ. ಮೂರರಿಂದ ಎಂಟು ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈನೋವು ಬಂದರೆ ಶಿವಮೊಗ್ಗದ ವೈದ್ಯರಿಗೆ "ಮಲೆನಾಡಿನ ಕಾಡಿನಂಚಿಗೆ ಹೋಗಿದ್ದೆವು" ಎಂದು ನೀವಾಗಿಯೇ ಹೇಳಬೇಕು.

ಹಾವಿಗೆ ಟಾರ್ಚು, ಬೂಟು ಸಾಕು. ಉಂಬಳದ (ಜಿಗಣೆಯ) ಕಾಟ ಆ ಹೊತ್ತಿಗೆ ಇರುವುದಿಲ್ಲ.

ಉತ್ತರ: ಕನ್ನಡಿ_ಕೆಲಸ

ಇಬ್ಬನಿ ಮೇಲಿನಿಂದ ಬೀಳುವುದಲ್ಲ. ಬರಿ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖ ಕಳೆದುಕೊಂಡು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ನೀರಾಗುತ್ತದೆ. ಹಾಗಾಗಿ ಗಾಜಿಗೆ ಕಾಣುವ ಆಕಾಶವನ್ನು ಕಡಿಮೆ ಮಾಡಿದರೆ ಅರ್ಧ ಕೆಲಸ ಆಯಿತು. ನಿಮ್ಮ ಟೆಲಿಸ್ಕೋಪಿನ ದೊಡ್ಡ ಕನ್ನಡಿ ಕೊಳವೆಯ ತಳದಲ್ಲಿದೆ, ಅದಕ್ಕೆ ಸುಲಭವಾಗಿ ಕೂರುವುದಿಲ್ಲ. ತೊಂದರೆ ಬರುವುದು ಬಾಯಿಯ ಹತ್ತಿರದ ಚಿಕ್ಕ ಕನ್ನಡಿ, ಫೈಂಡರ್ (ಗುರಿ ಹಿಡಿಯುವ ಪುಟ್ಟ ದೂರದರ್ಶಕ), ಐಪೀಸ್ (ಕಣ್ಣಿಡುವ ಮಸೂರ), ಈ ಮೂರಕ್ಕೆ.

5–6 ಮಿ.ಮೀ. ದಪ್ಪದ ಕಪ್ಪು ಯೋಗಾ ಮ್ಯಾಟ್ ತನ್ನಿ. ಕೊಳವೆಯ ಸುತ್ತಳತೆ ದಾರದಲ್ಲಿ ಅಳೆಯಿರಿ. ಹೊರವ್ಯಾಸ 14 ಸೆಂ.ಮೀ. ಇದ್ದರೆ ಸುತ್ತಳತೆ ಸುಮಾರು 44, ಮ್ಯಾಟಿನ ದಪ್ಪಕ್ಕೆ ಮತ್ತು ಒಂದರ ಮೇಲೊಂದು ಬರಲು ಇನ್ನು 6, ಒಟ್ಟು 50. ಅಗಲ 25: ಐದು ಕೊಳವೆಯನ್ನು ಹಿಡಿಯಲು, 20 ಮುಂದಕ್ಕೆ ಚಾಚಲು. ವೆಲ್ಕ್ರೋ ಪಟ್ಟಿಯಿಂದ ಬಿಗಿಯಿರಿ. ಇನ್ನೂ ಉದ್ದ ಮಾಡಿದರೆ ಮುಂಭಾರವಾಗಿ ಕೊಳವೆ ತಾನಾಗಿ ಬಾಗುತ್ತದೆ. ಫೈಂಡರಿಗೂ ಅದೇ ಮ್ಯಾಟಿನ ತುಂಡು ಸುತ್ತಿ. ಬಳಸದ ಐಪೀಸ್ ಅಂಗಿಯ ಜೇಬಿನಲ್ಲಿ, ಮೈಕಾವಿನಲ್ಲಿರಲಿ. ಮಸುಕಾದರೆ ಬಟ್ಟೆಯಲ್ಲಿ ಒರೆಸಬೇಡಿ, ದೂಳು ಸೇರಿ ಲೇಪನ ಗೀಚುತ್ತದೆ. ಉಫ್ ಎಂದು ಊದಿದರೆ ಇನ್ನಷ್ಟು ತೇವ. ಅಂಗಳದವರೆಗೆ ಕರೆಂಟು ಎಳೆಯಬಹುದಾದರೆ ಹೇರ್‌ಡ್ರೈಯರ್ ಸಣ್ಣ ಬಿಸಿಯಲ್ಲಿ, ಒಂದಡಿ ದೂರದಿಂದ, ಅರ್ಧ ನಿಮಿಷ.

ಮುಗಿದ ಮೇಲೆ ಒದ್ದೆ ಇರುವಾಗಲೇ ಮುಚ್ಚಳ ಹಾಕಿ ಚೀಲಕ್ಕೆ ತುರುಕುವುದೇ ಬೂಷ್ಟಿಗೆ ಮೂಲ. ಒಳಗೆ ತಂದು, ಬಾಯಿ ಸ್ವಲ್ಪ ಕೆಳಗೆ ಮಾಡಿ, ಪೂರ್ತಿ ಒಣಗಿದ ಮೇಲೆ ಮುಚ್ಚಿ.

ಮಳೆಗಾಲಕ್ಕೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಒಂದು ಪುಟ್ಟ ತೇವಾಂಶ ಮಾಪಕ. ಬೈನಾಕ್ಯುಲರನ್ನು ಅದರ ಚರ್ಮದ ಚೀಲದಿಂದ ತೆಗೆದು ಇಡಿ, ಚರ್ಮವೇ ತೇವ ಹಿಡಿಯುತ್ತದೆ. ಮಾಪಕ 40–50 ತೋರಿಸುತ್ತಿರಲಿ, 60 ದಾಟಿದರೆ ಜೆಲ್ ಹುರಿಯುವ ಹೊತ್ತು. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ವಿಷ ಇರುತ್ತದೆ. ಅಡುಗೆಗೆ ಬಳಸದ ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಮೊದಲಿನ ಬಣ್ಣ ಬರುವವರೆಗೆ ಹುರಿದು, ಮುಚ್ಚಿಟ್ಟು ಆರಿಸಿ, ಡಬ್ಬಿಗೆ ಹಾಕಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಅಲ್ಲಿ ಇಡಬೇಡಿ. ಹೊಗೆಯ ಜಿಡ್ಡು ಕನ್ನಡಿಗೆ ಅಂಟಿದರೆ ತೆಗೆಯುವುದು ಬಹಳ ಕಷ್ಟ.

ಕೃತ್ತಿಕೆ_ಶಿವಮೊಗ್ಗ

ತುಂಬಾ ಉಪಕಾರವಾಯಿತು. ಊರಲ್ಲಿ ಮಂಗ ಸತ್ತ ಸುದ್ದಿ ಇಲ್ಲವಂತೆ, ಆದರೂ ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ಹೋಗುತ್ತೇವೆ. ಅಪ್ಪನಿಗೆ ಇಡೀ ರಾತ್ರಿ ಕೂರಲು ಆಗದು. ಯಾವ ಹೊತ್ತಿಗೆ ಎಬ್ಬಿಸಿದರೆ ಚೆನ್ನ?

ಉತ್ತರ: ಲುಬ್ಧಕ

ಎರಡು ಹೊತ್ತು ಸಾಕು. ಮಾರ್ಚ್ 1ರ ಲೆಕ್ಕ ಹೇಳುತ್ತೇನೆ. 15 ದಿನ ಮೊದಲಾದರೆ ಒಂದು ಗಂಟೆ ತಡ, 15 ದಿನ ನಂತರವಾದರೆ ಒಂದು ಗಂಟೆ ಬೇಗ.

ಮೊದಲನೆಯದು ಸಂಜೆ ಏಳೂವರೆಯಿಂದ ಒಂಬತ್ತು. ನೆತ್ತಿಯ ಹತ್ತಿರ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ). ನಡುವಿನ ಮೂರು ನಕ್ಷತ್ರಗಳ ಕೆಳಗೆ ನೇತಾಡುವ ಕತ್ತಿಗೆ ಟೆಲಿಸ್ಕೋಪ್ ತಿರುಗಿಸಿ, ಅತಿ ಕಡಿಮೆ ವರ್ಧನೆಯ ಐಪೀಸ್ ಹಾಕಿ. ಬೂದು ಮೋಡದ ನಡುವೆ ಒತ್ತೊತ್ತಾಗಿ ನಾಲ್ಕು ಚುಕ್ಕಿ ಕಾಣಬೇಕು. ಲುಬ್ಧಕದಿಂದ (ರಾತ್ರಿಯ ಅತಿ ಹೊಳೆಯುವ ನಕ್ಷತ್ರ, ಸಿರಿಯಸ್) ಮೂರೂವರೆ ಮುಷ್ಟಿ ದಕ್ಷಿಣಕ್ಕೆ ಇಳಿದರೆ ಅಗಸ್ತ್ಯ ನಕ್ಷತ್ರ, ಎಂಟೂಕಾಲಕ್ಕೆ ಸರಿಯಾಗಿ ದಕ್ಷಿಣದಲ್ಲಿ. ನಂತರ ಅಪ್ಪ, ಮಕ್ಕಳು ಮಲಗಲಿ.

ಎರಡನೆಯದು ಎರಡೂಕಾಲಿನಿಂದ ಐದೂಕಾಲು. ಎರಡೂಕಾಲಕ್ಕೆ ತ್ರಿಶಂಕು ದಕ್ಷಿಣದಲ್ಲಿ ನೇರ ನಿಂತಿರುತ್ತದೆ, ಎಡಕ್ಕೆ ಎರಡು ಹೊಳೆಯುವ ನಕ್ಷತ್ರ. ಮೂರು ಇಪ್ಪತ್ತಕ್ಕೆ ದಕ್ಷಿಣ ದಿಗಂತದಿಂದ ಮೂರು ಮುಷ್ಟಿಗಿಂತ ತುಸು ಕೆಳಗೆ ಬೈನಾಕ್ಯುಲರ್ ಆಡಿಸಿ: ಉಜ್ಜಿ ಅಳಿಸಿದ ಚುಕ್ಕಿಯಂತೆ ಕಾಣುವುದು ಒಮೇಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛ. ಮೊಣಕೈಯನ್ನು ಕುರ್ಚಿಯ ಕೈಗೆ ಊರಿ ಹಿಡಿದರೆ ನಡುಗುವುದಿಲ್ಲ. ಬ್ಯಾಣಗಳಿಗೆ ಬೆಂಕಿ ಹಾಕುವ ಕಾಲ ಅದು, ಹೊಗೆ ದಿಗಂತದಲ್ಲಿ ದಟ್ಟವಾಗಿರುವುದರಿಂದ ತ್ರಿಶಂಕು ಮಂಕಾದರೆ ಆಶ್ಚರ್ಯವಿಲ್ಲ, ಒಮೇಗಾ ಸ್ವಲ್ಪ ಮೇಲಿರುವುದರಿಂದ ಪಾರಾಗುತ್ತದೆ.

ಅಪ್ಪನನ್ನು ಒಂದೇ ಸಲ ಎಬ್ಬಿಸುವುದಾದರೆ ನಾಲ್ಕೂವರೆಗೆ ಎಬ್ಬಿಸಿ. ಆಗ ಜ್ಯೇಷ್ಠಾ, ಮೂಲಾ ಆಗ್ನೇಯಕ್ಕೆ ಮೇಲೆದ್ದಿರುತ್ತವೆ, ಅವುಗಳ ಹಿಂದೆಯೇ ಆಕಾಶಗಂಗೆಯ ಅತಿ ದಟ್ಟವಾದ ಭಾಗ. ಅದಕ್ಕೆ ಯಾವ ಉಪಕರಣವೂ ಬೇಡ. ಟಾರ್ಚಿಗೆ ಮೂರ್ನಾಲ್ಕು ಪದರ ಕೆಂಪು ಸೆಲೋಫೇನ್ ಸುತ್ತಿ, ಮನೆಯ ಹೊರಗಿನ ದೀಪ ಆರಿಸಿ, ಕೈಹಿಡಿದು ಹೊರಗೆ ತಂದು ಶಾಲು ಹೊದೆಸಿ ಆಗ್ನೇಯಕ್ಕೆ ಮುಖ ಮಾಡಿ ಕೂರಿಸಿ. ಐದೂವರೆ ಸುಮಾರಿಗೆ ಬೆಳಕು ಹರಿಯಲು ಶುರುವಾಗುತ್ತದೆ.